ಎಳಿ ಎಳಿ ಬಿಚ್ಚಿದ ಜಮಖಾನಿ

ನಾನು ದುರ್ಗಾ, ಕಲಘಟಗಿ ತಾಲೂಕಿನ ತಂಬೂರದಾಕಿ. ಕೌದಿ ಹೊಲೀತೀನಿ. ಹೇಳಾಕ ಹೊಂಟಿದ್ದು ನನ್ನ ಸುದ್ದಿ ಅಲ್ಲ, ನವಲಗುಂದದ ಮರಿಯಮಬಿ ಅಕ್ಕಂದು. ಹೋದ ಜನವರಿಯೊಳಗ ಅಣ್ಣಿಗೇರಿ ಕರಕುಶಲ ಮೇಳದಾಗ ಆಕಿಗೆ ಆದದ್ದನ್ನ ನೆನಸಿದ್ರ ನನಗ ಇನ್ನೂ ಉಂಡದ್ದು ಮೈಗೆ ಹತ್ತೂದಿಲ್ಲ.

ಅಕ್ಕ ಹುಟ್ಟಿದ್ದು ಅಣ್ಣಿಗೇರಿಯೊಳಗ. ಹದಿನೇಳಕ್ಕ ಮದಿವ್ಯಾಗಿ ನವಲಗುಂದಕ್ಕ ಹೋದ್ಲು, ಜಮಖಾನಿ ನೇಯೂ ಮನಿಗೆ. ಆ ಮನ್ಯಾಗ ಹೆತ್ತ ಮಗಳಿಗೆ ಮಗ್ಗ ಕಲಸೂದಿಲ್ಲ, ಸೊಸಿಗಷ್ಟ ಕಲಸೂದು. ಮಗಳು ಕೊಟ್ಟ ಮನಿಗೆ ವಿದ್ಯಾ ಒಯ್ತಾಳ ಅಂತ ಹಿಂದಿನವರ ಅಂಜಿಕಿ. ಸರಿಯೋ ತಪ್ಪೋ, ನಾ ಆ ಮಾತಿಗೆ ಹೋಗೂದಿಲ್ಲ. ಅತ್ತಿ ಆಕಿಗೆ ಮೊದಲನೇ ವರ್ಷ ಒಂದು ಸಾಲೂ ನೇಯಾಕ ಕೊಡಲಿಲ್ಲಂತ. ತಪ್ಪಿದ ಸಾಲು ಬಿಚ್ಚೂದೊಂದ ಕೆಲಸ. ನೂಲು ಹರೀಬಾರ್ದು, ಗಂಟು ಬೀಳಬಾರ್ದು, ಬಿಚ್ಚಿದ್ದು ಉಂಡಿಯಾಗಿ ತಿರುಗಿ ಬುಟ್ಟಿ ಸೇರಬೇಕು. ಅದು ಕೈಗೆ ಹತ್ತಿದ ಮ್ಯಾಲ ನೇಯೂದು ಹೇಳಿಕೊಟ್ಲಂತ.

ಹಂಗ ಕಲತಾಕಿ ನಲವತ್ತು ವರ್ಷ ನೇಯ್ದಾಳ. ಕಾಗದದ ಮ್ಯಾಲ ಒಂದು ಗೆರಿ ಇಲ್ಲ, ನವಿಲು, ಹೂವು, ಅಂಚು ಎಲ್ಲಾ ತಲ್ಯಾಗ. ಕಬ್ಬಿಣದ ಹಣಗಿಯಿಂದ ಸಾಲು ಬಡದು ಬಡದು, ನೂಲು ಜಗ್ಗಿ ಜಗ್ಗಿ, ಬೆರಳಿನ ಗೆರಿ ಅಳಿಸಿ ಹೋಗ್ಯಾವ. ಹೆಬ್ಬೆಟ್ಟು ಗೋಲಿಗುಂಡಿನಂಗ ನುಣುಪಾಗೇತಿ.

ಕುತ್ತು ಬಂದದ್ದು ಅಲ್ಲೇ. ಮೇಳದಾಗ ಮಳಿಗಿ ಬೇಕಂದ್ರ ಕುಶಲಕರ್ಮಿ ಕಾರ್ಡ್ ಬೇಕು. ಕಾರ್ಡ್ ಬೇಕಂದ್ರ ಮಷಿನ್ ಮ್ಯಾಲ ಹೆಬ್ಬೆಟ್ಟು ಹತ್ತಬೇಕು. ಆಕಿದು ಹತ್ತವಲ್ದು. ಮೂರು ಸಲ ಹೋದ್ಲು, ಕೊಬ್ರಿ ಎಣ್ಣಿ ಹಚ್ಚಿ ನೋಡಿದ್ಲು, ಸಬಕಾರ ಹಾಕಿ ತಿಕ್ಕಿ ತೊಳದು ನೋಡಿದ್ಲು. "ನಿಮ್ಮ ಬೆರಳ ಸರಿ ಇಲ್ರಿ" ಅಂದ ಮಷಿನ್ ಮುಂದ ಕುಂತಾಂವ. ನೇಯ್ದು ನೇಯ್ದು ಸವದ ಬೆರಳಿಗೆ, ನೇಕಾರ್ತಿ ಬೆರಳಲ್ಲ ಅಂತ ಹೇಳಿ ಕಳಿಸಿದ್ರು. ಇದಕ್ಕ ಏನನ್ನಬೇಕು, ನೀವ ಹೇಳ್ರಿ.

ಮನ್ಯಾಗ ಇನ್ನೊಂದು ನಡದಿತ್ತು. ಸೊಸಿ ರಾಜಮಾಬಿ ಖಡಾಖಂಡಿತ ಹೇಳಿಬಿಟ್ಟಿದ್ಲು: "ಅಮ್ಮಾ, ಮೇಳದಾಗ ನಿಮ್ಮ ಹೆಸರಿನ ಮಳಿಗಿ ಸಿಕ್ರ ನಾ ಮಗ್ಗ ಕಲೀತೀನಿ. ಇಲ್ಲಾಂದ್ರ ಅರಿವಿ ಅಂಗಡಿಗೆ ಕೆಲಸಕ್ಕ ಹೋಗ್ತೀನಿ. ಯಾರೂ ಗುರ್ತ ಹಿಡೀಲಾರದ ಕೆಲಸ ನಾ ಯಾಕ ಮಾಡ್ಲಿ?" ಆ ಹುಡುಗಿದೂ ತಪ್ಪಲ್ಲ. ಆದ್ರ ಇರಾಕಿ ಒಬ್ಬಾಕಿ ಸೊಸಿ. ಆಕಿ ಒಲ್ಲೆಂದ್ರ ಆ ಮನಿ ಮಗ್ಗ ಅಲ್ಲಿಗೆ ನಿಂತಂಗ.

ಮೇಳಕ್ಕ ನಾಕು ದಿನ ಇರುವಾಗ ಅದರ ವ್ಯವಸ್ಥಾ ನೋಡೂ ಪ್ರಭು ಫೋನ್ ಮಾಡಿದ. ಬಾಗಲದಾಗ ಒಬ್ರು ಕುಂತು ನೇಯ್ದು ತೋರಸಬೇಕಂತ, ಬಂದ ಮಂದಿಗೆ ನೋಡಾಕ ಚಂದಂತ. "ನನಗ ಕಾರ್ಡ್ ಇಲ್ಲಲ್ರಿ" ಅಂದ್ಲು ಅಕ್ಕ. "ಕುಂತು ನೇಯಾಕ ಕಾರ್ಡ್ ಯಾಕ್ರಿ? ಬರ್ರಿ, ಮಳಿಗಿದು ಇಲ್ಲೇ ನೋಡೂಣು" ಅಂದ. ಅಷ್ಟು ಮಾತು ನಂಬಿ ಅಕ್ಕ ಮಗ್ಗ ಟೆಂಪೋದಾಗ ಹೇರಿದ್ಲು, ನೇಯ್ದಿಟ್ಟ ನಾಕು ಜಮಖಾನಿ ಗಂಟು ಕಟ್ಟಿದ್ಲು, ಸೊಸೀನ್ನ ಕರ್ಕೊಂಡು ತವರೂರಿಗೆ ಬಂದ್ಲು.

ನನ್ನ ಮಳಿಗಿ ಅಗದಿ ಬಾಜೂಕ ಇತ್ತು, ಎಲ್ಲಾ ಕಣ್ಣಾರೆ ನೋಡೀನಿ. ಮಂದಿ ಮಗ್ಗದ ಸುತ್ತ ಮುಕುರಿ ಫೋಟೋ ಹೊಡಕೊಂಡ್ರು. ಅಕ್ಕ ಗಂಟಿನಾಗಿಂದ ಒಂದು ಜಮಖಾನಿ ಹೊರಗ ತಗದ್ಲು ಅನ್ನೂದ್ರಾಗ ಪ್ರಭು ಓಡಿ ಬಂದ: "ಮಾರಂಗಿಲ್ರಿ, ರೂಲ್ಸ್ ಐತಿ." ಮರುದಿನ ಆಕಿ ತಲಿ ಮ್ಯಾಲ ಒಂದು ಬೋರ್ಡ್ ಬಂತು. 'ನೇಯ್ಗೆ ಇಲ್ಲಿ ನೋಡಿ, ಜಮಖಾನ ಐದನೇ ಮಳಿಗೆಯಲ್ಲಿ ಕೊಳ್ಳಿ.' ಐದನೇ ಮಳಿಗ್ಯಾಗ ಕುಂತಾಂವ ಜನ್ಮದಾಗ ಮಗ್ಗ ಮುಟ್ಟಿದಾಂವಲ್ಲ, ಗಿರಣಿ ಮಾಲು ತಂದು ಪೇರಿಸಿದ್ದ. ಆದ್ರ ಅವನ ಹೆಬ್ಬೆಟ್ಟು ಮಷಿನ್ ಮ್ಯಾಲ ಒಮ್ಮೆಲೇ ಹತ್ತೇತಿ. "ಇವು ಖರೇ ನವಲಗುಂದದ್ವು ಏನ್ರಿ?" ಅಂತ ಯಾರರ ಕೇಳಿದ್ರ ಅಕ್ಕನ ಕಡೆ ಬಟ್ಟು ಮಾಡಿ ತೋರಸ್ತಿದ್ದ.

ನಾ ಪ್ರಭುಗ ಬಾಯಿಗೆ ಬಂದಂಗ ಬೈದೆ. "ನಿಂದೇನು ನಡುವ? ನಿನಗ ಮಳಿಗಿ ಸಿಕ್ಕೇತಿಲ್ಲ?" ಅಂದ. ಸಿಕ್ಕಿತ್ತು, ಅದಕ್ಕ ಇನ್ನೂ ಹೊಟ್ಟಿ ಉರೀತು. ಅಕ್ಕ ಮಾತ್ರ ನೇಯೂದ್ರಾಗ ಇದ್ಲು.

ಮೂರನೇ ದಿನ ಮಧ್ಯಾಹ್ನ ದೊಡ್ಡ ಸಾಹೇಬ್ರು ಬಂದ್ರು, ಹಿಂದ ಕ್ಯಾಮೆರಾದಾಂವ. ಮಗ್ಗದ ಮ್ಯಾಲ ನವಿಲು ಕಾಲಿಂದ ಕುತಗಿ ತನಕ ಎದ್ದಿತ್ತು. "ಇವರು ನಮ್ಮ ಹೆಮ್ಮೆಯ ನೇಕಾರ್ತಿ ಸರ್" ಅಂದ ಪ್ರಭು. ಅಕ್ಕ ಹಣಗಿ ಕೆಳಗಿಟ್ಲು.

"ಸಾಹೇಬ್ರ, ನಾ ನೇಕಾರ್ತಿ ಹೌದೋ ಅಲ್ಲೋ?"

"ಹೌದಲ್ರಿ ತಾಯಿ."

"ಹಂಗಾರ ನನ್ನ ಹೆಸರಿಲೆ ಒಂದು ಮಳಿಗಿ ಕೊಡ್ರಿ. ನಾಕು ಜಮಖಾನಿ ಅದಾವ."

ಪ್ರಭು ಸಾಹೇಬ್ರ ಕಿವ್ಯಾಗ ಏನೋ ಅಂದ. "ಕಾರ್ಡ್ ಆಗಲಿ ತಾಯಿ, ಮುಂದಿನ ವರ್ಷ ನೋಡೂಣು. ಈಗ ಹಂಗ ಕೈ ಆಡಸ್ರಿ, ಫೋಟೋ ತಗೀಲಿ" ಅಂದ್ರು ಅವರು.

"ಆಗ್ಲಿ" ಅಂದ್ಲು ಅಕ್ಕ. ಕಡೀ ಸಾಲಿನ ನೂಲಿನ ತುದಿ ಹಿಡದು ಮೆಲ್ಲಕ ಜಗ್ಗಿದ್ಲು. ಒಂದು ಸಾಲು ಬಿಚ್ಚಿತು, ಅದರ ಹಿಂದ ಮತ್ತೊಂದು. ಕ್ಯಾಮೆರಾದಾಂವ ತಿಳೀಲಾರದ ಫೋಟೋ ಹೊಡದ.

"ಏನ ಮಾಡಾಕತ್ತೀರಿ?" ಅಂದ ಪ್ರಭು.

"ನೇಕಾರ್ತಿ ಅಲ್ಲದಾಕಿ ನೇಯ್ದಾಳಂದ್ರ ಎಲ್ಲಾ ತಪ್ಪು ಸಾಲು. ತಪ್ಪು ಸಾಲು ಬಿಚ್ಚಬೇಕ್ರಿ, ನಮ್ಮತ್ತಿ ಕಲಿಸ್ಯಾಳ" ಅಂದ್ಲು. ಧ್ವನಿ ಏರಸಲಿಲ್ಲ. ನವಿಲಿನ ಕುತಗಿ ಹೋತು, ರೆಕ್ಕಿ ಹೋತು, ಮೂರು ದಿನದ ದುಡಿಮಿ ಉಂಡಿಯಾಗಿ ಬುಟ್ಯಾಗ ಬಿತ್ತು. ಸಾಹೇಬ್ರು ವಾಚ್ ನೋಡ್ಕೋತ ನಡದ್ರು.

ಮಳಿಗಿ ಸಿಗಲಿಲ್ಲ. ಆ ಬೋರ್ಡ್ ಮಾತ್ರ ಇಳಿಸಿದ್ರು, ನೋಡ್ರಿ ಅನ್ನಾಕ ಮಗ್ಗದ ಮ್ಯಾಲ ನವಿಲಿನ ಕಾಲು ಬಿಟ್ರ ಏನೂ ಉಳದಿದ್ದಿಲ್ಲ. ನಾ ರಾಜಮಾಬಿ ಮಾರಿ ನೋಡಿದೆ. ಇನ್ನ ಈ ಹುಡುಗಿ ಅರಿವಿ ಅಂಗಡಿ ಹಾದಿ ಹಿಡೀತಾಳ ಅನಕೊಂಡೆ, ಖರೇ ಹೇಳ್ತೀನಿ, ಕಣ್ಣಾಗ ನೀರು ಬಂತು. ಆಕಿ ಬಂದು ಅತ್ತಿ ಬಾಜೂಕ ಚಕ್ಕಳಮಕ್ಕಳ ಹಾಕಿ ಕುಂತ್ಲು.

"ತುಸು ಆ ಕಡೆ ಸರೀರಿ ಅಮ್ಮಾ. ನವಿಲಿನ ಕಾಲು ನಾ ಬಿಚ್ಚತೀನಿ. ನೂಲು ಹರೀದಂಗ ಹೆಂಗ ಹಿಡೀಬೇಕು, ಹೇಳ್ರಿ."

ಅಕ್ಕ ಸೊಸಿ ಹೆಬ್ಬೆಟ್ಟು ಹಿಡದು ನೂಲಿನ ಮ್ಯಾಲ ಇಟ್ಲು.