ಹಿಂದಕ್ಕೆ ನಡೆಯುತ್ತಿದ್ದ ಬ್ಯಾಂಡ್ ಮಾಸ್ಟ್ರು

ನನ್ನ ಗಂಡ ಕೊಳ್ಳೇಗಾಲದಲ್ಲಿ ಬ್ಯಾಂಡ್‌ಸೆಟ್ ನಡೆಸುತ್ತಿದ್ದರು. ಮದುವೆ ದಿಬ್ಬಣ, ಗಣಪತಿ ಬಿಡುವುದು, ಚುನಾವಣೆಯಲ್ಲಿ ಗೆದ್ದವರ ಮೆರವಣಿಗೆ, ಎಲ್ಲಕ್ಕೂ ಅವರೇ ಬೇಕಿತ್ತು. ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಮಾಸ್ಟ್ರು. ನಾನು ಮಾಂಬಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಮಾಸ್ಟ್ರು, ಪಾಠ ಮಾಡುವವಳು ಬರೀ ಹೆಂಡತಿ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಮಾಂಬಳ್ಳಿಯಲ್ಲೇ, ನನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲಿ. ಬ್ಯಾಂಡಿನವರೆಲ್ಲ ಮುಂದಕ್ಕೆ ನಡೆಯುತ್ತಿದ್ದರೆ, ಕೆಂಪು ಕೋಟಿನ ಈ ಮನುಷ್ಯ ಮಾತ್ರ ಟ್ರಂಪೆಟ್ ಊದುತ್ತ ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ಕಣ್ಣು ಪೂರ್ತಿ ಕುಣಿಯುವವರ ಕಾಲ ಮೇಲೆ. ಯಾರಾದರೂ ಏದುಸಿರು ಬಿಟ್ಟರೆ ತಾಳ ನಿಧಾನವಾಗುತ್ತಿತ್ತು. ಅಂಚಿನಲ್ಲಿ ನಾಚಿಕೊಂಡು ನಿಂತವರು ಕಂಡರೆ, ಅವರು ಒಳಗೆ ಬರುವ ತನಕ ಹಾಡಿನ ಅದೇ ಸಾಲನ್ನು ತಿರುಗಿಸಿ ತಿರುಗಿಸಿ ಊದುತ್ತಿದ್ದರು. ಮನೆಯಲ್ಲಿ ನಕ್ಕಿದ್ದನ್ನೇ ನಾನು ಕಾಣದ ನಮ್ಮ ದೊಡ್ಡಮಾವ ಅವತ್ತು ಹೆಗಲ ಮೇಲಿನ ಟವಲ್ ತಲೆಗೆ ಸುತ್ತಿ ಕುಣಿದರು. ಆ ಅಂಚಿನಲ್ಲಿ ನಾನೂ ನಿಂತಿದ್ದೆ. ನನಗೂ ಆ ಸಾಲು ಬಹಳ ಹೊತ್ತು ತಿರುಗಿತು.

ಅವರ ಕಡೆಯವರು ಹೆಣ್ಣು ಕೇಳಲು ಬಂದಾಗ ಅಪ್ಪ ನನ್ನನ್ನು ಹಿತ್ತಲಿಗೆ ಕರೆದರು.

“ಸರ್ಕಾರಿ ಕೆಲ್ಸ ಅದೆ ನಿಂಗೆ. ಬೀದೀಲಿ ಊದ್ಕಂಡು ಓಗೋನ್ನ ಕಟ್ಕತೀಯಾ?”

“ಊದ್ಕಂಡು ಓಗೋರು ಮನೆಗೆ ಬತ್ತಾರಲ್ಲಪ್ಪಾ” ಅಂದೆ. ಅಪ್ಪ ಒಳಗೆ ಹೋಗಿ ಒಪ್ಪಿಗೆ ಹೇಳಿದರು.

ಬರುತ್ತಿದ್ದರು, ನಿಜ. ಆದರೆ ಲಗ್ನದ ತಿಂಗಳುಗಳಲ್ಲಿ ಅವರು ಬಂದದ್ದು ನನಗೆ ಗೊತ್ತಾಗುತ್ತಿದ್ದದ್ದು ಹಗ್ಗದ ಮೇಲೆ ಒಣಗುತ್ತಿದ್ದ ಕೋಟಿನಿಂದ. ನಾನು ಮಾಂಬಳ್ಳಿಯಿಂದ ಬಸ್ಸಿನಲ್ಲಿ ವಾಪಸ್ ಬರುವಷ್ಟರಲ್ಲಿ ಅವರ ಟೆಂಪೊ ಹನೂರಿನ ದಾರಿ ಹಿಡಿದಿರುತ್ತಿತ್ತು. ಕೌದಳ್ಳಿಯವರು ಮದುವೆ ಮಾತುಕತೆ ಮುಗಿಸಿ ಮೊದಲು ಅವರಿಗೆ ಫೋನ್ ಮಾಡಿ, ಆಮೇಲೆ ಛತ್ರ ಹುಡುಕುತ್ತಿದ್ದರಂತೆ. ತಮಿಳುನಾಡಿನ ಗಡಿಯ ಹೂಗ್ಯಂ ಕಡೆ ಹೋದರೆ ತಮಿಳು ಹಾಡು ಬೇಕೇ ಬೇಕು. ಗಡ್ಡ ಮಾಡಿಕೊಳ್ಳುವಾಗ ಮೊಬೈಲಿನಲ್ಲಿ ಅದನ್ನು ಹಾಕಿಕೊಂಡು ಗುನುಗುತ್ತ ಕಲಿಯುತ್ತಿದ್ದರು. ಕಲಿತಾದ ಮೇಲೆ ಮನೆಯಲ್ಲಿ ಆ ಹಾಡು ಕೇಳಿಸುತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಭಾನುವಾರ ಇಬ್ಬರೂ ಕೂತು ಕೋಟುಗಳ ಗುಂಡಿ ಹೊಲಿಯುತ್ತಿದ್ದೆವು. ಹೇಳಿಕೊಳ್ಳುವಂಥ ಜಗಳವೂ ಇರಲಿಲ್ಲ.

ಆಮೇಲೆ ಡಿಜೆ ಬಂತು. ಟೆಂಪೊ ತುಂಬ ಕಪ್ಪು ಪೆಟ್ಟಿಗೆಗಳು, ಬಣ್ಣಬಣ್ಣದ ಲೈಟು. ಹುಡುಗರಿಗೆ ಅದೇ ಬೇಕಾಯಿತು. ನಮ್ಮ ಮನೆಗೆ ಬರುವ ಫೋನು ಕಡಿಮೆಯಾಯಿತು. ಅವರು ಬೈಯಲಿಲ್ಲ.

“ಅದ್ಕೆ ಕಣ್ಣಿಲ್ಲ ಕಣಮ್ಮಿ. ಕುಣಿಯೋರು ಸತ್ರೂ ಅದ್ಕೆ ಗೊತ್ತಾಗಕಿಲ್ಲ” ಎಂದು ಒಂದು ಸಲ ಹೇಳಿದರು, ಅಷ್ಟೇ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಮತ್ತೆ ತುಂಬಿಕೊಂಡರು, ಮತ್ತೆ ಸೋರಿತು. ತಿರುಗಿ ನನ್ನನ್ನು ನೋಡಿದಾಗ ಎಡಗಣ್ಣಿನ ರೆಪ್ಪೆ ಮುಚ್ಚುತ್ತಿರಲಿಲ್ಲ. ಮುಖದ ನರಕ್ಕೆ ಬಾವು ಬಂದಿದೆ, ಲಕ್ವ ಅಂತ ಹೆದರಬೇಡಿ ಎಂದು ಕೊಳ್ಳೇಗಾಲದ ಡಾಕ್ಟರು ಹೇಳಿದರು. ಮಾತ್ರೆ ಕೊಟ್ಟರು, ಬಲೂನು ಊದಿಸಿ ಎಂದರು. ಶಾಲೆಯ ಕಾರ್ಯಕ್ರಮಕ್ಕೆ ತಂದು ಉಳಿದಿದ್ದ ಬಲೂನುಗಳನ್ನು ಕೊಟ್ಟೆ. ಮಂಚದ ಮೇಲೆ ಕೂತು ಊದುತ್ತಿದ್ದರು. ಗಾಳಿ ಪಕ್ಕದಿಂದ ಪುಸ್ ಎಂದು ಹೋಗುತ್ತಿತ್ತು. ನಾನು ಅಡುಗೆಮನೆಯಲ್ಲಿ ಆ ಸದ್ದು ಕೇಳಿಸಿಕೊಳ್ಳುತ್ತ ಸೊಪ್ಪು ಬಿಡಿಸುತ್ತಿದ್ದೆ. ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕು ಅಂತಲೂ ಅನ್ನಿಸಲಿಲ್ಲ, ಅಲ್ಲಿಂದ ಓಡಿಹೋಗಬೇಕು ಅಂತಲೂ ಅನ್ನಿಸಲಿಲ್ಲ.

ಮುಖ ನಿಧಾನಕ್ಕೆ ಸರಿಹೋಯಿತು. ತುಟಿ ಮಾತ್ರ ಟ್ರಂಪೆಟ್ಟಿಗೆ ಬಿಗಿ ಕೊಡಲಿಲ್ಲ. ಬ್ಯಾಂಡಿನಲ್ಲಿ ಎಲ್ಲರಿಗಿಂತ ವಯಸ್ಸಾದವರೊಬ್ಬರು, ಕ್ಲಾರಿನೆಟ್ ಊದುವವರು. ಅವರು ಮನೆಗೆ ಬಂದರು.

“ಮಾಸ್ಟ್ರೇ, ಊದಕ್ಕೆ ನಾವಿಲ್ವಾ? ನೀವು ಮುಂದ್ಗಡೆ ನಡೀರಿ, ಸಾಕು.”

ಹಾಗೇ ಆಯಿತು. ಟ್ರಂಪೆಟ್ಟನ್ನು ಬಾಯಿಗೆ ಹಿಡಿದು, ಬೆರಳಾಡಿಸುತ್ತ, ಎಂದಿನಂತೆ ಹಿಂದಕ್ಕೆ ನಡೆದರು. ಸದ್ದು ಉಳಿದವರದು. ಅವರ ತಲೆ ಆಡಿದಂತೆ ಬ್ಯಾಂಡು ನಿಂತಿತು, ಓಡಿತು. ಹೆಚ್ಚಿನ ಜನಕ್ಕೆ ವ್ಯತ್ಯಾಸವೇ ತಿಳಿಯಲಿಲ್ಲ. ಹನೂರಿನ ಒಂದು ಮದುವೆಯಲ್ಲಿ ಮಾತ್ರ ಒಬ್ಬ ಮುದುಕಿ ಕುಣಿಯುತ್ತ ಕುಣಿಯುತ್ತ ಹತ್ತಿರ ಬಂದು ಟ್ರಂಪೆಟ್ಟಿನ ಬಾಯಿಗೆ ಕಿವಿ ಇಟ್ಟಳಂತೆ.

“ಯಾಕಪ್ಪಾ, ನಿನ್ ಪೀಪಿ ಮಾತಾಡ್ತಿಲ್ಲ?”

“ಅದ್ಕೆ ಉಸಾರಿಲ್ಲ ಕಣವ್ವ.”

“ಓಗ್ಲಿ ಬುಡು. ನೀನು ನೋಡ್ತಿರು, ನಾನು ಕುಣೀತೀನಿ.”

ಅವರು ಒಂದು ಮದುವೆಯ ವಿಷಯವನ್ನು ನನಗೆ ಇಷ್ಟು ಉದ್ದಕ್ಕೆ ಹೇಳಿದ್ದು ಅದೇ ಮೊದಲು. ಹೇಳುವಾಗ ಮುಖದಲ್ಲಿ ಏನೂ ಇರಲಿಲ್ಲ. “ಬೇಜಾರಾಯ್ತಾ?” ಎಂದು ಕೇಳಿದೆ.

“ಏನೂ ಅನ್ಸಾಕಿಲ್ಲ. ತುಟೀನೂ ಅಂಗೇ, ನಾನೂ ಅಂಗೇ” ಎಂದರು. ನಾನು ಸಾರು ಬಡಿಸಿದೆ.

ಆಷಾಢದಲ್ಲಿ ಮದುವೆಗಳಿಲ್ಲ. ಆಗ ಹೊಸ ಕೋಟು ಹೊಲಿಸುವುದು ರೂಢಿ. ಟೈಲರ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಟ್ಟೆಯ ಬಣ್ಣ ನೋಡುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಡ್ ಮಿಸ್ ನನ್ನ ಕ್ಲಾಸಿನ ಬಾಗಿಲಿಗೆ ಬಂದು, ಕೈ ಹಿಡಿದು ವಿಷಯ ಹೇಳಿದರು. ನಾನು ಒಳಗೆ ಹೋಗಿ, ಬೋರ್ಡಿನ ಮೇಲೆ ಅರ್ಧ ಬರೆದಿದ್ದ ವಾಕ್ಯವನ್ನು ಪೂರ್ತಿ ಮಾಡಿ, ಸೀಮೆಸುಣ್ಣ ಡಬ್ಬಿಗೆ ಹಾಕಿ ಹೊರಗೆ ಬಂದೆ.

ಮಾರನೆಯ ಬೆಳಿಗ್ಗೆ ಬ್ಯಾಂಡಿನವರೆಲ್ಲ ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದರು. ಕ್ಲಾರಿನೆಟ್‌ನವರು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

“ಅಕ್ಕ, ಯಾವ ಆಡು ಊದನ? ಮಾಸ್ಟ್ರಿಗೆ ಯಾವ್ದು ಇಷ್ಟ?”

ಯೋಚಿಸಿದೆ. ಅವರಿಗೆ ಹುರುಳಿ ಬಸ್ಸಾರು ಇಷ್ಟ ಎಂದು ಗೊತ್ತಿತ್ತು. ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತದೆ ಎಂದು ಗೊತ್ತಿತ್ತು. ಹಾಡು ಗೊತ್ತಿರಲಿಲ್ಲ.

“ನಿಮ್ಗೇ ಗೊತ್ತಿರ್ಬೇಕಲ್ಲಣ್ಣ.”

“ಇಲ್ಲ ಕಣಕ್ಕ. ಕುಣಿಯೋರು ಕೇಳಿದ್ದನ್ನೇ ಊದ್ತಿದ್ರು. ಅವ್ರು ಯಾವತ್ತೂ ಬಾಯ್ಬುಟ್ಟು ಯೋಳ್ನೇ ಇಲ್ಲ.”

ಅವರು ಎದ್ದು ಹೋಗಿ ಉಳಿದವರ ಜೊತೆ ಗೇಟಿನ ಹತ್ತಿರ ಮಾತಾಡಿದರು. ಕೊನೆಗೆ ಎಲ್ಲರಿಗೂ ಕೈ ಕೂತಿದ್ದ ಒಂದು ದಿಬ್ಬಣದ ಹಾಡನ್ನೇ ಎತ್ತಿಕೊಂಡರು. ಚಟ್ಟ ಎದ್ದಿತು. ಬೀದಿಯ ಹುಡುಗರು ಮುಂದೆ ನಿಂತು ಕುಣಿಯತೊಡಗಿದರು. ನನ್ನ ನಾದಿನಿ ಅಳುತ್ತ ನನ್ನ ತೋಳು ಅಲ್ಲಾಡಿಸಿದಳು.

“ಮದುವೆ ಆಡು ಕಣತ್ತಿಗೆ ಅದು! ನಿಲ್ಸಕ್ಕೆ ಯೋಳಿ!”

“ಕುಣೀಲಿ ಬುಡವ್ವ” ಎಂದೆ.

ತಿರುವಿನ ತನಕ ಹೋಗಿ ನಿಂತೆ. ಅದರಾಚೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ಸದ್ದು ದೂರವಾಗುತ್ತ ಹೋಯಿತು. ಬಸ್ ಸ್ಟ್ಯಾಂಡಿನ ಕಡೆಯಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು. ಹಾರ್ನ್ ನಿಂತಾಗ ಬ್ಯಾಂಡೂ ಕೇಳಿಸುತ್ತಿರಲಿಲ್ಲ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ನಾನು ಅಳುತ್ತೇನೆಂದು ಎಲ್ಲರೂ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ.

ತಿಥಿ ಮುಗಿದ ಮೇಲೆ ಕ್ಲಾರಿನೆಟ್‌ನವರು ಬಂದು ಬ್ಯಾಂಡ್ ಮುಂದುವರಿಸಲೇ ಎಂದು ಕೇಳಿದರು. ಮುಂದುವರಿಸಿ ಎಂದೆ. ಟೈಲರ್ ಹೊಸ ಕೋಟುಗಳನ್ನು ಹೊಲಿದು ಕೊಟ್ಟ. ಈ ಸಲ ಬಣ್ಣ ನೀಲಿ. ಅವತ್ತು ಅವರು ಆರಿಸಿದ್ದೋ, ಆಮೇಲೆ ಬ್ಯಾಂಡಿನವರು ಆರಿಸಿದ್ದೋ, ನಾನು ಕೇಳಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಶಾಲೆಗೆ ಹೋಗುವಾಗ ಮಾಂಬಳ್ಳಿಯ ಹತ್ತಿರ ದಿಬ್ಬಣವೊಂದು ರಸ್ತೆ ತುಂಬಿಕೊಂಡು ನಮ್ಮ ಬಸ್ಸು ನಿಂತಿತು. ಮುಂದಿನ ಸೀಟಿನವರು ಕಿಟಕಿಯಿಂದ ಬಗ್ಗಿ ನೋಡಿ, “ಯಾವೂರ್ ಬ್ಯಾಂಡೋ, ಚೆನ್ನಾಗ್ ಊದ್ತಾವ್ರೆ” ಎಂದರು.

ನೀಲಿ ಕೋಟುಗಳು ನನಗೂ ಕಂಡವು. “ಕೊಳ್ಳೇಗಾಲದ್ದು” ಎಂದೆ.

“ನಿಮ್ಗೆ ಪರಿಚಯವಾ ಮೇಡಂ?”

“ಊಂ” ಎಂದೆ. ಡ್ರೈವರ್ ಸಂದು ಸಿಕ್ಕಲ್ಲಿ ಬಸ್ಸು ನುಗ್ಗಿಸಿದ. ಬೆಲ್ ಹೊಡೆಯುವ ಮುಂಚೆ ಶಾಲೆ ತಲುಪಿದೆ.