ಜೋಡಿಗುಂಡಿನ ಜವಾಬು

ಹೋದ ತಿಂಗಳು ಕೂಡ್ಲಿಗಿಯ ಗ್ರಂಧಿಗೆ ಅಂಗಡಿಯೊಂದರಲ್ಲಿ ನಿಂತಿದ್ದೆ. ಮನೆಗೆ ಅರಿಶಿನದ ಕೊಂಬು ಬೇಕಾಗಿತ್ತು. ನನ್ನ ಪಕ್ಕದಲ್ಲಿದ್ದ ಹೆಂಗಸಿಗಾಗಿ ಅಂಗಡಿಯವರು ಒಂದು ಡಬ್ಬಿಯ ಮುಚ್ಚಳ ತೆಗೆದು, ಜೇಷ್ಠಮಧುವಿನ ಕಡ್ಡಿಗಳನ್ನು ಕಾಗದದ ಮೇಲೆ ಸುರಿದರು. ಒಣಬೇರಿನ ಆ ಮಂದವಾದ ಸಿಹಿ ವಾಸನೆ ಮೂಗಿಗೆ ತಾಕಿದ್ದೇ ತಡ, ನಾನು ಬಂದ ಕೆಲಸವನ್ನೇ ಮರೆತೆ. "ಏನ್ ಬೇಕ್ರಿ ಮೇಡಂ?" ಎಂದು ಅವರು ಎರಡನೆಯ ಸಲ ಕೇಳಿದಾಗಲೂ ನಾನು ಆ ಕಡ್ಡಿಗಳನ್ನೇ ನೋಡುತ್ತಿದ್ದೆ. ಬಳಗದ ಅಕ್ಕ ಕಡೆಯ ದಿನಗಳಲ್ಲಿ ಹತ್ತಿರ ಬಂದಾಗಲೆಲ್ಲ ಬರುತ್ತಿದ್ದ ವಾಸನೆ ಅದು...

ಆಕೆಗೆ ಹೆಸರೊಂದು ಇತ್ತು, ನಿಜ. ಆದರೆ ನಾವು ಯಾರೂ ಆ ಹೆಸರಿನಿಂದ ಕರೆದವರಲ್ಲ. ಗುಡೇಕೋಟೆ ಸೀಮೆಯಲ್ಲಿ ಕುರುಚಲು ಗುಡ್ಡವೊಂದರ ಬುಡದಲ್ಲಿ ನಮ್ಮ ಊರು. ಹೈಸ್ಕೂಲಿನಲ್ಲಿ ಓದುತ್ತಿದ್ದ ನಮಗಾಗಿ ಅಲ್ಲೊಂದು ಎಳೆಯರ ಕೃಷಿ ಬಳಗವಿತ್ತು. ಅದನ್ನು ನಡೆಸುತ್ತಿದ್ದವಳು ಅಕ್ಕ. ಗುಡ್ಡದ ಮಗ್ಗುಲಿನ ಒಂದು ತುಂಡು ಹೊಲವನ್ನು ಊರವರು ಬಳಗಕ್ಕೆ ಬಿಟ್ಟುಕೊಟ್ಟಿದ್ದರು. ಭಾನುವಾರ ಬೆಳಗ್ಗೆ ಅಲ್ಲಿಗೆ ಹೋಗಿ ಶೇಂಗಾ, ಸಜ್ಜೆ ಬೆಳೆಯುತ್ತಿದ್ದೆವು, ಎರೆಗೊಬ್ಬರ ಮಾಡುತ್ತಿದ್ದೆವು, ಬಿತ್ತುವ ಕಾಳು ಆರಿಸುವುದನ್ನು ಕಲಿಯುತ್ತಿದ್ದೆವು. ವರ್ಷಕ್ಕೊಮ್ಮೆ, ಶೇಂಗಾ ಕೀಳುವ ಕಾಲಕ್ಕೆ, "ಮನೆಮಂದಿ ದಿನ" ನಡೆಯುತ್ತಿತ್ತು. ಅಂದು ಎಲ್ಲರ ಮನೆಯವರೂ ಹೊಲಕ್ಕೆ ಬರಬೇಕು, ಹಸಿ ಶೇಂಗಾ ಕುದಿಸಿ ತಿನ್ನಬೇಕು, ಮಕ್ಕಳು ಹೇಳುವುದನ್ನು ಕೇಳಬೇಕು. ಅಪ್ಪಂದಿರು ಸುಮ್ಮನೆ ನಿಂತು ಹೆಣ್ಣುಮಕ್ಕಳ ಮಾತು ಕೇಳುತ್ತಿದ್ದ ದಿನ ನಾನು ಕಂಡಂತೆ ಅದೊಂದೇ.

ಅಕ್ಕ ಗಂಡನ ಮನೆಯಿಂದ ಬೇಗನೆ ಹಿಂದಿರುಗಿ, ತಾಯಿಯೊಂದಿಗೆ ಇರುತ್ತಿದ್ದಳು. ತಾಯಿಗೆ ಕಿವಿಗಳು ಪೂರ್ತಿ ಹೋಗಿದ್ದವು. ಮನೆಯೊಳಗೆ ಅವರಿಬ್ಬರ ಮಾತುಕತೆಯೆಲ್ಲ ಕೈಸನ್ನೆಯಲ್ಲಿ, ತುಟಿಯ ಚಲನೆಯಲ್ಲಿ. ಆ ಸದ್ದಿಲ್ಲದ ಮನೆಯಿಂದ ಹೊರಬಂದೊಡನೆ ಅಕ್ಕನ ದನಿ ಮಾತ್ರ ಓಣಿಯ ತುದಿಯವರೆಗೂ ಕೇಳುತ್ತಿತ್ತು. ಬಡಕಲು ಮೈಯ ಆಕೆಗೆ ಅಷ್ಟು ದೊಡ್ಡ ದನಿ ಎಲ್ಲಿಂದ ಬಂದಿತೆಂದು ನಮ್ಮ ಅವ್ವ ಬೆರಗಾಗುತ್ತಿದ್ದಳು.

ಆ ದನಿಗೆ ಒಂದು ಕೆಲಸವಿತ್ತು. ಹೊಲಕ್ಕೆ ಹೋಗುವ ದಾರಿ ಎರಡು ದೊಡ್ಡ ಬಂಡೆಗಳ ನಡುವೆ ಹಾದುಹೋಗುತ್ತಿತ್ತು. ಅದಕ್ಕೆ ಜೋಡಿಗುಂಡು ಎನ್ನುತ್ತಿದ್ದರು. ಅದರಾಚೆ ಕವಳೆ ಮತ್ತು ಬಾರೆಗಿಡಗಳ ಪೊದೆ, ಹುತ್ತಗಳು, ಕಲ್ಲಿನ ಸಂದಿಗಳು. ಬೆಳಗಿನ ಹೊತ್ತು ಕರಡಿಗಳು ಹುತ್ತ ಕೆದರಿ ತಮ್ಮ ಗವಿಗಳಿಗೆ ಮರಳುವ ಜಾಗ. ಸದ್ದು ಮಾಡದೆ ಅಲ್ಲಿ ಯಾರೂ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಗಂಡಸರು ಕೆಮ್ಮುತ್ತಿದ್ದರು, ಕೋಲಿನಿಂದ ಕಲ್ಲು ಬಡಿಯುತ್ತಿದ್ದರು. ಅಕ್ಕ ಕೂಗುತ್ತಿದ್ದಳು. ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, "ಬರಾಕತ್ತೀವ್ರೀ... ಬಳಗದವ್ರು ಬರಾಕತ್ತೀವ್ರೀ..." ಎಂದು.

"ಮಂದಿ ಮನಿಗೆ ಹೋಗಬೇಕಾದ್ರ ಬಾಗ್ಲಾಗ ನಿಂತು ಕರೀತೀರಿಲ್ಲೋ? ಇದೂ ಹಂಗ," ಎನ್ನುತ್ತಿದ್ದಳು. "ಕರಡಿ ಕೆಟ್ಟದ್ದಲ್ಲ. ಗಾಬರಿ ಆತಂದ್ರ ಕೆಟ್ಟದ್ದು."

ಕೂಗು ಎದುರಿನ ಗುಡ್ಡಕ್ಕೆ ತಾಕಿ, ಸ್ವಲ್ಪ ತಡವಾಗಿ, ಅದರ ಬಾಲವಷ್ಟೇ ಮರಳಿ ಬರುತ್ತಿತ್ತು. "...ತೀವ್ರೀ." ಅಕ್ಕ ಅದನ್ನು ಜವಾಬು ಎಂದು ಕರೆಯುತ್ತಿದ್ದಳು. ಜವಾಬು ಬರುವವರೆಗೆ ಯಾರೂ ಅಲುಗಾಡುವಂತಿರಲಿಲ್ಲ. ಬಂದ ಮೇಲೆ, "ಬಂತು, ನಡೀರಿ," ಎನ್ನುತ್ತಿದ್ದಳು.

ಶ್ರಾವಣದ ಒಂದು ಬೆಳಗ್ಗೆ ಜವಾಬು ಬರಲಿಲ್ಲ. ಜಿಟಿಜಿಟಿ ಮಳೆ ಹಿಡಿದಿತ್ತು. ಅಕ್ಕ ಮತ್ತೆ ಕೂಗಿದಳು. ಗುಡ್ಡ ಸುಮ್ಮನಿತ್ತು. "ಅಕ್ಕಾ, ಗುಡ್ಡ ಇನ್ನಾ ಮುಸುಕು ಹೊದ್ದು ಮಲಗೈತಿ, ಚಾ ಕಾಸಿ ಎಬ್ಬಿಸಬೇಕೇನು?" ಎಂದು ಹಿಂದಿನಿಂದ ಯಾರೋ ಅಂದರು. ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ. ನಮ್ಮನ್ನೆಲ್ಲ ತಿರುಗಿಸಿ ಊರಿಗೆ ಕರೆತಂದಳು. ಮಧ್ಯಾಹ್ನ ಆ ಕಡೆ ಹೋದ ಗಂಡಸರು, ಜೋಡಿಗುಂಡಿನಾಚೆ ನಡುದಾರಿಯಲ್ಲೇ ಕರಡಿ ಬೆಳಗ್ಗೆಯಷ್ಟೇ ಹುತ್ತವೊಂದನ್ನು ಕೆದರಿ ಹೋಗಿದ್ದನ್ನು ಕಂಡು ಬಂದರು. ತೇವದ ಗಾಳಿಯಲ್ಲಿ ಶಬ್ದ ಚದುರಿಹೋಗಿರಬಹುದು, ಅದಕ್ಕೂ ಕರಡಿಗೂ ಯಾವ ಸಂಬಂಧವೂ ಇಲ್ಲ ಎಂದು ನಾನು ಈಗ ಹೇಳಬಲ್ಲೆ. ಹಾಗೆ ಹೇಳುವಷ್ಟು ಓದಿದ್ದೇನೆ. ಆದರೆ ಅಂದಿನಿಂದ ನಮ್ಮಲ್ಲಿ ಯಾರೂ ಜವಾಬಿಗೆ ಮುಂಚೆ ಕಾಲೆತ್ತಲಿಲ್ಲ.

ಅದೇ ವರ್ಷ ಅಕ್ಕನ ದನಿ ಒಡೆಯತೊಡಗಿತು. ಮೊದಲು ನೆಗಡಿ ಎಂದಳು, ಆಮೇಲೆ ಧೂಳು ಎಂದಳು. ಬಾಯಲ್ಲಿ ಯಾವಾಗಲೂ ಜೇಷ್ಠಮಧುವಿನ ಕಡ್ಡಿ. ಸಾಲಿನಲ್ಲಿ ಆಕೆಯ ಪಕ್ಕದಲ್ಲೇ ನಡೆಯುತ್ತಿದ್ದವಳು ನಾನು. ಕೂಗಿದ ಮೇಲೆ ಆಕೆ ಗಂಟಲನ್ನು ಕೈಯಿಂದ ಒತ್ತಿ ಹಿಡಿಯುತ್ತಿದ್ದದ್ದು ನನಗೆ ಮಾತ್ರ ಕಾಣುತ್ತಿತ್ತು. ತಾಯಿಗಂತೂ ತಿಳಿಯುವಂತಿರಲಿಲ್ಲ. ಕೇಳದವರಿಗೆ ದನಿ ಕೆಟ್ಟದ್ದು ಹೇಗೆ ಗೊತ್ತಾಗಬೇಕು? "ಬಳ್ಳಾರಿಗೆ ಹೋಗಿ ತೋರಿಸಕ್ಕ," ಎಂದು ನಾನು ಅಂದದ್ದಕ್ಕೆ, "ಮನಿಮಂದಿ ದಿನ ಮುಗೀಲಿ, ಹೋಗ್ತೀನಿ," ಎಂದಳು.

ಆ ದಿನವನ್ನು ಆಕೆ ಹಾಗೆ ಕಾಯುವುದಕ್ಕೆ ಕಾರಣವಿತ್ತು. ದಸರೆಯ ಆಸುಪಾಸಿನಲ್ಲಿ ಪಕ್ಕದ ಹಟ್ಟಿಯ ಕುರಿಗಾಹಿಯೊಬ್ಬರನ್ನು ಕರಡಿ ಪರಚಿತ್ತು. ಅವರು ಬದುಕಿಕೊಂಡರು, ಆದರೆ ಅವರ ಮುಖ ಕಂಡ ಮೇಲೆ ಊರಿನ ತಂದೆತಾಯಿಯರು ಹೆದರಿದರು. ಗುಡಿಯ ಕಟ್ಟೆಯ ಮೇಲೆ ಸೇರಿ, ಹೆಣ್ಣುಮಕ್ಕಳನ್ನು ಇನ್ನು ಬಳಗಕ್ಕೆ ಕಳಿಸುವುದಿಲ್ಲ ಎಂದರು. ಬಳಗದಲ್ಲಿ ಹೆಚ್ಚಿನವರು ನಾವೇ. ನಾವು ಹೋಗದಿದ್ದರೆ ಬಳಗ ಮುಚ್ಚಿದಂತೆಯೇ.

"ಏನವ್ವಾ ಬಳಗದಾಕಿ," ಎಂದರು ಹಿಟ್ಟಿನ ಗಿರಣಿಯ ಮಾವ, "ನಮ್ಮ ಹುಡ್ಗೇರಿಗೆ ಕರಡಿ ಜೋಡಿ ಮಾತಾಡಾಕ ಕಲಿಸಿಯಂತಲ್ಲ?"

"ಹೂನ್ರಿ ಮಾವ. ನಿಮ್ಮ ಜೋಡಿ ಮಾತಾಡೋದಕ್ಕಿಂತ ಸಸಾರ ಐತ್ರಿ," ಎಂದಳು ಅಕ್ಕ. ದನಿ ಗೊಗ್ಗರಾಗಿತ್ತು. ಎಲ್ಲರೂ ನಕ್ಕರು. ನನ್ನಪ್ಪ ಮಾತ್ರ ನಗಲಿಲ್ಲ.

"ಮಾತು ಬ್ಯಾಡ ತಂಗಿ," ಎಂದ ಅಪ್ಪ. "ಮನಿಮಂದಿ ದಿನ ನಾವೂ ಬರ್ತೀವಿ. ನೀ ಕೂಗಿದ್ದು ಗುಡ್ಡದ ಆ ಮಗ್ಗಲಿಗೆ ಮುಟ್ಟತೈತೋ ಇಲ್ಲೋ ನಮ್ಮ ಕಿವೀಲೆ ಕೇಳ್ತೀವಿ. ಮುಟ್ಟಿದ್ರ ಕಳಸ್ತೀವಿ. ಇಲ್ಲಂದ್ರ ಇಲ್ಲ."

ಹೀಗೆ ಎಲ್ಲವೂ ಆಕೆಯ ಗಂಟಲಿನ ಮೇಲೆ ಬಂದು ನಿಂತಿತು. ಮನೆಮಂದಿ ದಿನಕ್ಕೆ ಮುಂಚಿನ ಭಾನುವಾರ ಆಕೆ ನಮ್ಮನ್ನು ಹೊಲಕ್ಕೆ ಕರೆದೊಯ್ಯಲಿಲ್ಲ. ವಾರವಿಡೀ ಯಾರೊಂದಿಗೂ ಮಾತಾಡಲಿಲ್ಲ. ದನಿಯನ್ನು ಕೂಡಿಡುತ್ತಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ...

ಆ ದಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಊರು ಹೆಚ್ಚುಕಡಿಮೆ ಪೂರ್ತಿ ಬಂದಿತ್ತು. ವಯಸ್ಸಾದವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ತಂದಿದ್ದರು, ಅವರ ನಡುವೆ ಅಕ್ಕನ ತಾಯಿಯೂ ಇದ್ದಳು. ಜೋಡಿಗುಂಡಿನ ಬಳಿ ಟ್ರ್ಯಾಕ್ಟರ್ ನಿಂತಿತು, ಇಂಜಿನ್ ಆರಿತು. ಗಂಡಸರು ಬೀಡಿ ಕೆಳಗೆ ಹಾಕಿ ಮೆಟ್ಟಿದರು.

ಅಕ್ಕ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದಳು. ಕುತ್ತಿಗೆಯ ನರಗಳು ಉಬ್ಬಿದವು, ಬಾಯಿ ಅಗಲವಾಗಿ ತೆರೆಯಿತು. ನಾನು ಆಕೆಯ ಮೊಣಕೈಗೆ ತಾಗಿ ನಿಂತಿದ್ದೆ. ನನಗೆ ಕೇಳಿದ್ದು ಉಸಿರು ಮಾತ್ರ, ಒಣಗಿದ ತೊಗರಿಕಾಯಿ ಅಲುಗಿದಂಥ ಸಣ್ಣ ಸದ್ದು. ಆಕೆ ಮತ್ತೆ ಉಸಿರೆಳೆದು ಬಾಯಿ ತೆರೆದಳು. ಏನೂ ಬರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಗುಡ್ಡ ಕೂಗಿತು.

"ಬರಾಕತ್ತೀವ್ರೀ... ಬಳಗದವ್ರು ಬರಾಕತ್ತೀವ್ರೀ..."

ಬಾಲವಲ್ಲ, ಇಡೀ ಕೂಗು. ಅದೂ ಅಕ್ಕನ ಹಳೆಯ ದನಿ, ಒಡೆಯುವ ಮುಂಚಿನದು, ನಾನು ಬಳಗಕ್ಕೆ ಸೇರಿದ ಮೊದಲ ದಿನ ಕೇಳಿದಂಥದ್ದು. ಕುರಿಗಾಹಿಗಳು ಯಾರಾದರೂ ಆಕೆಯನ್ನು ಅಣಕಿಸಿ ಕೂಗಿರಬಹುದೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಆ ಕುರಿಗಾಹಿಯನ್ನು ಕರಡಿ ಪರಚಿದ ಮೇಲೆ ಗುಡ್ಡಕ್ಕೆ ಕುರಿ ಹೊಡೆದುಕೊಂಡು ಹೋಗುವುದನ್ನೇ ಎಲ್ಲರೂ ಬಿಟ್ಟಿದ್ದರು. ಅಷ್ಟೇ ಅಲ್ಲ. ನಾನು ಕಣ್ಣು ತೆರೆದು ಹಿಂದಿರುಗಿ ನೋಡಿದಾಗ, ಟ್ರ್ಯಾಕ್ಟರಿನಲ್ಲಿ ಕುಳಿತಿದ್ದ ಅಕ್ಕನ ತಾಯಿ, ವರ್ಷಗಳಿಂದ ಸಿಡಿಲಿಗೂ ತಿರುಗದ ಆ ಹೆಂಗಸು, ಮುಖವನ್ನು ಗುಡ್ಡದ ಕಡೆಗೆ ತಿರುಗಿಸಿದ್ದಳು. "ಹಾಂ, ಬಾ," ಎಂದು ತನ್ನಷ್ಟಕ್ಕೆ ಅಂದಳು.

"ಏನ್ ದನಿಲೇ ಯಪ್ಪಾ ಅಕಿದು!" ಎಂದರು ಗಿರಣಿಯ ಮಾವ. "ಕರಡಿ ಅಲ್ಲ, ಕೂಡ್ಲಿಗಿ ಬಸ್‌ಸ್ಟ್ಯಾಂಡಿನ್ಯಾಗ ಕುಂತವ್ರಿಗೂ ಕೇಳಿರ್ತೈತಿ!" ನಗೆ ಎದ್ದಿತು. ಬಂಡೆಯ ನೆರಳಿನಲ್ಲಿ ಬೆನ್ನು ಮಾಡಿ ನಿಂತಿದ್ದ ಅಕ್ಕನ ಮುಖ ಅವರಾರಿಗೂ ಕಾಣುತ್ತಿರಲಿಲ್ಲ. ಅಪ್ಪ ತಲೆಯಾಡಿಸಿದ.

ಅಕ್ಕ ಕೈ ಇಳಿಸಲೇ ಇಲ್ಲ. ಬಾಯಿ ಇನ್ನೂ ತೆರೆದೇ ಇತ್ತು. "ಬಂತು, ನಡೀರಿ" ಎಂದು ಆಕೆ ಅನ್ನಬೇಕಿತ್ತು, ಅನ್ನಲಿಲ್ಲ. ಜನರೇ ಆಕೆಯನ್ನು ದಾಟಿಕೊಂಡು ಮುಂದೆ ನಡೆದರು. ಎಲ್ಲರಿಗಿಂತ ಕಡೆಯಲ್ಲಿ, ನನ್ನ ಮುಂಗೈ ಹಿಡಿದುಕೊಂಡು, ಅಕ್ಕ ತಾನೇ ಕಟ್ಟಿದ ಹೊಲಕ್ಕೆ ಅತಿಥಿಯಂತೆ ಬಂದಳು. ಆಕೆಯ ಬೆರಳುಗಳು ತಣ್ಣಗಿದ್ದವು.

ಆ ದಿನ ಚೆನ್ನಾಗಿಯೇ ನಡೆಯಿತು. ಶೇಂಗಾ ಕುದಿಯಿತು. ಬೀಜಕ್ಕೆ ಕಾಯಿ ಆರಿಸುವ ಬಗೆಯನ್ನು ನಾನು ಅಪ್ಪನಿಗೆ ವಿವರಿಸಿದೆ. ಅವನು ಒಂದು ಕಾಯಿ ಒಡೆದು, ಕಾಳನ್ನು ಬಿಸಿಲಿಗೆ ಹಿಡಿದು ನೋಡಿ, "ಛಲೋ ಐತಿ. ಹೋಗು ಬೇಕಾದ್ರ," ಎಂದ. ಮುಂದೆ ನಾನು ಕೃಷಿ ಪದವಿಗೆ ಸೇರಿದ್ದು, ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗಳಾದದ್ದು, ಎಲ್ಲವೂ ಆ ಒಂದು ಮಾತಿನಿಂದ. ಅಕ್ಕ ಇಡೀ ದಿನ ಸನ್ನೆಯಲ್ಲೇ ಇದ್ದಳು. "ಅಷ್ಟು ಜೋರ ಕೂಗಿದ್ರ ಗಂಟ್ಲು ಹೋಗದೇನು?" ಎಂದು ಹೆಂಗಸರು ಆಕೆಗೆ ಬೆಲ್ಲದ ನೀರು ಕೊಟ್ಟರು.

ಮರುದಿನ ಅವರ ಮನೆಗೆ ಹೋದೆ. ಅಂಗಳದಲ್ಲಿ ತಾಯಿ ಓಣಿಯವರನ್ನೆಲ್ಲ ಕರೆದು ಹೇಳುತ್ತಿದ್ದಳು, "ನನ್ನ ಮಗಳು ಕೂಗಿದ್ದು ನನಗ ಕೇಳ್ತ್ರೀ! ಖರೇನ ಕೇಳ್ತು!" ಒಳಗೆ ಅಕ್ಕ ನನ್ನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬಾಯಿಯನ್ನು ನನ್ನ ಕಿವಿಗೆ ಹಚ್ಚಿದಳು.

"ನಾ ಕೂಗ್ಲಿಲ್ಲ," ಎಂದಿತು ಉಸಿರು. "ಅವ್ವಗ ಹೇಳಬ್ಯಾಡ."

ನಾನು ತಲೆಯಾಡಿಸಿದೆ. ಮತ್ತೆ ಕಿವಿಯ ಬಳಿ ಅದೇ ಉಸಿರು, "ಅದು ನಂದ ದನಿ. ಗುಡ್ಡ ಅಲ್ಲೇ ಇಟ್ಕೊಂಡೈತಿ. ನನಗ ಕೊಡವಲ್ದು..."

ಬಳ್ಳಾರಿಯ ವೈದ್ಯರು ತಡವಾಯಿತೆಂದರು. ಮುಂದಿನ ಮುಂಗಾರು ಬಿತ್ತನೆಗೆ ಅಕ್ಕ ಇರಲಿಲ್ಲ. ನಾವು ಕೆಲವರು ಸರದಿಯಲ್ಲಿ ಕೂಗುತ್ತ ಬಳಗವನ್ನು ಕೆಲಕಾಲ ನಡೆಸಿದೆವು. ಪ್ರತಿ ಸಲವೂ ನಮ್ಮದೇ ದನಿಯ ಬಾಲ ಮರಳಿ ಬರುತ್ತಿತ್ತು, ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಆಮೇಲೆ ಒಬ್ಬೊಬ್ಬರೇ ಓದಿಗೆಂದು, ಮದುವೆಯೆಂದು ಊರು ಬಿಟ್ಟೆವು. ಹೊಲದಲ್ಲಿ ಈಗ ಜಾಲಿ ಬೆಳೆದಿದೆ.

ಕೂಡ್ಲಿಗಿಯಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಕಳೆದ ವಾರ ಊರಿಗೆ ಹೋಗಿ ಅಕ್ಕನ ತಾಯಿಯನ್ನು ಕಂಡೆ. ತುಂಬ ಹಣ್ಣಾಗಿದ್ದಾಳೆ. ನನ್ನ ಗುರುತು ಹಿಡಿದು, ಕೆನ್ನೆ ಸವರಿ, ಅದೇ ಮಾತನ್ನು ತೆಗೆದಳು.

"ಅವತ್ತು ಕೂಗಿದ್ಲು ನೋಡು, ಅದ ಕಡೀಕ ನನ್ನ ಕಿವಿಗೆ ಬಿದ್ದಿದ್ದು. ಆದ್ರ ಈಗೀಗ ಮರ್ತು ಹೊಂಟೈತಿ ಯವ್ವಾ. ಹೆಂಗಿತ್ತು ಅಂತ ನೆನಪ ಬರವಲ್ದು. ನೀ ಅಕಿ ಬಾಜೂಕ ಇದ್ದೆಲ್ಲ? ಹಂಗ ಕೂಗಿ ತೋರ್ಸು."

ನಾನು ಹಿಂಜರಿದೆ. ನಡು ಹಗಲು, ಓಣಿಯ ತುಂಬ ಜನ. ಆದರೆ ಅಕ್ಕನ ದನಿಯನ್ನು ನಾವು ಯಾರೂ ಒಂದು ಫೋನಿನಲ್ಲಾದರೂ ಹಿಡಿದಿಟ್ಟುಕೊಂಡವರಲ್ಲ. ನನ್ನ ನೆನಪಿನಲ್ಲೂ ಅದು ಸವೆಯುತ್ತಿದೆ. ಎದ್ದು ನಿಂತು, ಕೈಗಳನ್ನು ಬಾಯಿಯ ಸುತ್ತ ಹಿಡಿದು, ನನ್ನಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಕೋಳಿಗಳು ಚೆದುರಿದವು. ಎದುರುಮನೆಯ ತೊಟ್ಟಿಲಲ್ಲಿ ಕೂಸು ಬೆಚ್ಚಿ ಅಳತೊಡಗಿತು. ಅಕ್ಕಪಕ್ಕದವರು ಏನಾಯಿತೆಂದು ಬಾಗಿಲಿಗೆ ಬಂದರು.

ಆಕೆ ಕಿವಿಯ ಹಿಂದೆ ಅಂಗೈ ಹಿಡಿದು, ಮಬ್ಬುಗಣ್ಣಿನಿಂದ ನನ್ನತ್ತಲೇ ನೋಡುತ್ತ ಕಾಯುತ್ತಿದ್ದಳು. ನನ್ನ ಕೂಗು ಮುಗಿದ ಮೇಲೂ ಕಾಯುತ್ತಲೇ ಇದ್ದಳು.

"ಕೂಗವ್ವಾ," ಎಂದಳು. "ಯಾಕ ಸುಮ್ನ ನಿಂತಿ?"