ಅಕ್ಕನ ಕಾಗದ, ನನ್ನ ಸರ್ವರ್

ಹಾವೇರಿಯ ನಮ್ಮ ಮನೆಯ ಅಡುಗೆಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ, ಜೋಳದ ಡಬ್ಬಿಗಳ ಮೇಲಿನ ಹಲಗೆಯಲ್ಲಿ ನನ್ನ ಸರ್ವರ್ ಇದೆ. ಸರ್ವರ್ ಎಂದರೆ ಭಾರೀ ಏನಲ್ಲ. ರಾಣೇಬೆನ್ನೂರಿನ ರಿಪೇರಿ ಅಂಗಡಿಯೊಂದರಿಂದ ತಂದ ಹಳೆಯ ಕಂಪ್ಯೂಟರು, ಎರಡು ಡಿಸ್ಕು, ಕರೆಂಟು ಹೋದರೆ ಆಸರೆಗೆ ಒಂದು ಬ್ಯಾಟರಿ. ನಮ್ಮ ಮನೆತನದ ಫೋಟೋ, ಮದುವೆ ಕಾರ್ಡು, ಹೊಲದ ಪಹಣಿ ಉತಾರ, ಅಪ್ಪನ ದನಿ ಇರುವ ಕ್ಯಾಸೆಟ್ಟಿನ ನಕಲು, ಎಲ್ಲ ಅದರಲ್ಲಿವೆ. ನನಗೆ ಬರುವ ಮೇಲ್ ಕೂಡ ನೇರವಾಗಿ ಅದಕ್ಕೇ ಬರುತ್ತದೆ.

ಯಾಕೆ ಈ ಉಸಾಬರಿ ಎಂದು ಕೇಳದವರಿಲ್ಲ. ಕೋರ್ಟಿನ ನಕಲು ವಿಭಾಗದಲ್ಲಿ ಜೀವ ಸವೆಸುತ್ತಿರುವವನು ನಾನು. ಅಜ್ಜನ ಕಾಲದ ಒಂದು ಹಾಳೆ ಸಿಗದೆ ಕಣ್ಣೊರೆಸಿಕೊಂಡು ಹೋದವರನ್ನು ಕಂಡಿದ್ದೇನೆ. ನಮ್ಮ ಮನೆಯ ಮಾತು ಪರದೇಶದಲ್ಲಿ ಯಾರದೋ ಕಂಪ್ಯೂಟರಿನಲ್ಲಿ ಬಿದ್ದಿರುವುದು ನನಗೆ ಸೇರುತ್ತಿರಲಿಲ್ಲ. ಎಲ್ಲರೂ ಫೋನಿನಲ್ಲಿ ಹಾಕಿಕೊಳ್ಳುವ ಮೆಸೇಜಿನ ಆ್ಯಪನ್ನೂ ಅದಕ್ಕೇ ಹಾಕಿಕೊಳ್ಳಲಿಲ್ಲ. "ಏನರ ಕಳಸೂದಿದ್ರ ನನ್ನ ಮೇಲ್‌ಗೆ ಕಳಸ್ರಿ, ನಾ ಸತ್ತರೂ ಅದು ಇರತೈತಿ" ಎಂದು ಬಂಧುಗಳಿಗೆಲ್ಲ ಹೇಳಿಕೊಂಡು ತಿರುಗಿದೆ. ಅವರು ನಕ್ಕು ಸುಮ್ಮನಾದರು. "ಮೇಲ್ ಮುಟ್ಟೇತೇನು ಅಂತ ಮಂದಿ ನನಗ ಫೋನ್ ಮಾಡಿ ಕೇಳ್ತಾರ್ರಿ. ಹಂಗಾರ ಮೇಲ್ ಯಾಕ ಬೇಕು?" ಎಂದು ಹೆಂಡತಿ ಚುಚ್ಚುತ್ತಿದ್ದಳು. ನನ್ನ ಮಾತನ್ನು ನಂಬಿದವಳು ಒಬ್ಬಳೇ, ಬ್ಯಾಡಗಿಗೆ ಕೊಟ್ಟಿದ್ದ ನನ್ನ ಅಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು. ದನಿ ದೊಡ್ಡದು, ಮನೆಯ ಮುಂದೆ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು ಹಾರ್ನ್ ಹೊಡೆಯುತ್ತಿದ್ದರೂ ಫೋನಿನಲ್ಲಿ ಅವಳ ಮಾತು ಖಣಖಣ ಕೇಳುತ್ತಿತ್ತು. ಹೋದ ವರ್ಷ ಬೇಸಿಗೆಯಲ್ಲಿ ಗಂಟಲಿಗೆ ಗಡ್ಡೆಯಾಗಿ ಆಪರೇಷನ್ ಮಾಡಿದರು. ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಮೊಮ್ಮಗಳ ಹಳೆಯ ಪಾಟಿಯ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತಿದ್ದಳು. ಫೋನಿನಲ್ಲಿ ನಾನೊಬ್ಬನೇ ಮಾತಾಡುವುದು ಸಂಕಟವೆನಿಸಿ, ಬರಬರುತ್ತ ಫೋನ್ ಮಾಡುವುದನ್ನೇ ಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ದೀಪಾವಳಿಗೆ ಬ್ಯಾಡಗಿಗೆ ಹೋದೆ. ಊಟವಾದ ಮೇಲೆ ಅಕ್ಕ ಪಾಟಿಯನ್ನು ನನ್ನ ಮುಂದಿಟ್ಟಳು. "ನಾ ಕಳಿಸಿದ್ದು ಓದಿದೇನು?" ಎಂದು ಬರೆದಿತ್ತು. ಅವಳ ಮಗ ಆಸ್ಪತ್ರೆಯ ಕಾಗದಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಸರ್ವರಿನಲ್ಲಿ ಇಡಲೆಂದು ನನಗೆ ಕೊಟ್ಟಿದ್ದ. ಅದನ್ನೇ ಕೇಳುತ್ತಿದ್ದಾಳೆ ಅಂದುಕೊಂಡೆ. ಅವನ್ನೂ ನಾನು ತೆರೆದು ನೋಡಿರಲಿಲ್ಲ. ತಾರೀಖು ಹಾಕಿ, ಎರಡೂ ಡಿಸ್ಕಿನಲ್ಲಿ ನಕಲು ಇಟ್ಟಿದ್ದೆ, ಅಷ್ಟೇ.

"ಓದೇನಿ ಅಕ್ಕಾ, ಎಲ್ಲಾ ಓದೇನಿ" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು. ಏನೋ ಹೇಳುತ್ತೇನೆಂದು ಕಾಯುತ್ತಿದ್ದಳೆಂದು ಈಗ ತಿಳಿಯುತ್ತದೆ. ನಾನು ಬಸ್ಸಿನ ಹೊತ್ತಾಯಿತೆಂದು ಎದ್ದೆ.

ಸಂಕ್ರಾಂತಿಯ ಹೊತ್ತಿಗೆ ಗಡ್ಡೆ ಮರಳಿತು. ಅಕ್ಕ ಹೋದಳು.

ಯುಗಾದಿ ಕಳೆದ ಮೇಲೆ, ಹೆಂಡತಿಯ ತವರಿನವರು ಕಳಿಸಿದ ಮದುವೆ ಕಾರ್ಡಿನ ಫೋಟೋ ನನಗೆ ಬಂದಿಲ್ಲವೆಂದು ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಸರ್ವರಿನ ಲಾಗ್ ತೆರೆದೆ. ಬಂದ ಮೇಲ್, ಹೋದ ಮೇಲ್, ಬೇಡವೆಂದು ಬಿಸಾಕಿದ ಮೇಲ್, ಪ್ರತಿಯೊಂದಕ್ಕೂ ಒಂದು ಸಾಲು ಬರೆದಿಡುವ ದಿನಚರಿ ಅದು. ಕಾರ್ಡು ಬಂದಿತ್ತು, ಬಂದ ಕ್ಷಣವೇ ನಾಶವಾಗಿತ್ತು. ಆಗ ನೆನಪಾಯಿತು. ಕಸದ ಮೇಲ್ ವಿಪರೀತವಾದಾಗ ನಾನೇ ಒಂದು ನಿಯಮ ಬರೆದಿದ್ದೆ: ಒಂದಕ್ಷರವೂ ಇಲ್ಲದೆ ಬರೀ ಫೋಟೋ ಹೊತ್ತು ಬಂದ ಮೇಲ್ ಅನ್ನು ಬಾಗಿಲಲ್ಲೇ ನಾಶಮಾಡು, ಕಸದ ಬುಟ್ಟಿಗೂ ಹಾಕಬೇಡ. ಕಸ ನಿಂತಿತೆಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡದ್ದೂ ನೆನಪಾಯಿತು.

ಆ ನಾಶದ ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತ ಹೋದಂತೆ ಅಕ್ಕನ ವಿಳಾಸ ಕಂಡಿತು. ಒಂದಲ್ಲ, ಐದು ಸಲ.

ಮರುದಿನವೇ ರಜೆ ಹಾಕಿ ಬ್ಯಾಡಗಿಗೆ ಹೋದೆ. ಅಕ್ಕನ ಸೊಸೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು.

"ಅತ್ತಿಯಾರು ಕಾಗದ ಬರದು, ಫೋಟೋ ಹೊಡದು ನಿಮಗ ಕಳಸ್ತಿದ್ರು ಮಾವಾರ. ಫೋನಿನ್ಯಾಗ ಕನ್ನಡ ಒತ್ತೂದು ಅವರಿಗೆ ಬರತಿರಲಿಲ್ಲ. ಫೋಟೋ ಕಳಸೂದಷ್ಟ ನಾ ಕಲಿಸಿದ್ದೆ. ಮುಟ್ಟಿಲ್ಲೇನ್ರಿ?"

"ಬರದ ಹಾಳಿ ಎಲ್ಲಿ ಅದಾವ?"

"ಬಚ್ಚಲ ಒಲಿಗೆ ಹಾಕಿಬಿಟ್ರು. ಯಾಕ್ರಿ ಅಂತ ಕೇಳಿದ್ದಕ್ಕ, ನನ್ನ ತಮ್ಮ ಜ್ವಾಕಿಲೆ ಇಡತಾನ, ಇಲ್ಲಿದ್ರ ಯಾರರ ಓದ್ಯಾರು ಅಂತ ಪಾಟಿ ಮ್ಯಾಲೆ ಬರದು ತೋರಿಸಿದ್ರು."

"ಏನು ಬರದಿದ್ಳು?"

"ನನಗ ತೋರಸಲಿಲ್ಲರಿ. ಬರಕೋತ ಅಳತಿದ್ರು." ಅವಳು ಬುಟ್ಟಿಯ ಕಡೆ ತಿರುಗಿದಳು.

ಅಕ್ಕನ ಫೋನೂ ಇರಲಿಲ್ಲ. ಮಗ ಅದನ್ನು ಅಂಗಡಿಗೆ ಕೊಟ್ಟು ಹೊಸದು ತಂದಿದ್ದ. ಕೊಡುವ ಮುಂಚೆ ಅದರಲ್ಲಿದ್ದುದನ್ನೆಲ್ಲ ಒರೆಸಿಕೊಟ್ಟವನು ನಾನೇ, ಮನೆಯ ಸುದ್ದಿ ಕಂಡವರ ಕೈಗೆ ಸಿಗಬಾರದೆಂದು. ಅವಳ ನಂಬರು ಬಂದ್ ಆಗಿತ್ತು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಅವಳ ಮೇಲ್ ಖಾತೆ ಇರುವ ಕಂಪನಿಗೆ ನಾಲ್ಕು ಸಲ ಬರೆದೆ, ಮರಣ ಪ್ರಮಾಣಪತ್ರ ಕಳಿಸಿದೆ. ಕೊಡಲಾಗುವುದಿಲ್ಲ ಎಂದು ಉತ್ತರ ಬಂತು. ಅವಳು ಕಳಿಸಿದ ಮೇಲ್‌ಗಳ ಪ್ರತಿ ಅಲ್ಲಿ ಇದ್ದೇ ಇರುತ್ತದೆ, ನಾನು ನಂಬದೆ ಬೈದುಕೊಂಡು ತಿರುಗಿದ ಆ ಪರದೇಶದ ಕಂಪ್ಯೂಟರಿನಲ್ಲಿ. ನನ್ನಲ್ಲಿ ಮಾತ್ರ ಇಲ್ಲ.

ನಿಯಮವನ್ನು ಅಳಿಸಿಹಾಕಿದ್ದೇನೆ. ಈಗ ಮತ್ತೆ ಕಸ ಬರುತ್ತಿದೆ: ಸೈಟು ಮಾರುವವರ ಚಿತ್ರ, ಔಷಧಿ ಡಬ್ಬಿಯ ಚಿತ್ರ. ಒಂದೊಂದನ್ನೂ ತೆರೆದು ನೋಡಿ ಅಳಿಸುತ್ತೇನೆ. ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತು. ಸರ್ವರ್ ಬಂದ್ ಮಾಡಿಬಿಡ್ರಿ ಎಂದು ಹೆಂಡತಿ ಮೆತ್ತಗೆ ಹೇಳುತ್ತಾಳೆ, ಈಗ ಚುಚ್ಚುವುದಿಲ್ಲ.

ನನಗೆ ಉಳಿದದ್ದು ಲಾಗಿನ ಐದು ಸಾಲು. ಅದರಲ್ಲಿ ತಾರೀಖು, ವೇಳೆ, ಮೇಲ್‌ನ ಗಾತ್ರ ಇಷ್ಟೇ ಇದೆ. ಮೊದಲ ನಾಲ್ಕು ಮೇಲ್ ಭಾರವಾಗಿವೆ, ಒಂದೊಂದರಲ್ಲೂ ಮೂರೋ ನಾಲ್ಕೋ ಹಾಳೆಯ ಫೋಟೋ ಇದ್ದಿರಬೇಕು. ಅವು ದೀಪಾವಳಿಗೆ ಮುಂಚಿನವು. ಐದನೆಯದು ಹಗುರ, ಒಂದೇ ಹಾಳೆ. ಅದರ ತಾರೀಖನ್ನು ಬಹಳ ದಿನ ನಾನು ಸರಿಯಾಗಿ ಗಮನಿಸಿರಲಿಲ್ಲ. ಎಲ್ಲಾ ಓದೇನಿ ಎಂದು ಹೇಳಿ ಬಸ್ ಹತ್ತಿದೆನಲ್ಲ, ಅದರ ಮರುದಿನ ಬೆಳಿಗ್ಗೆ ಅಕ್ಕ ಅದನ್ನು ಕಳಿಸಿದ್ದಳು.